ಎಫ್ ಎಂಬ ಬಾಲ

ಮೆಕ್ಕೆಜೋಳದ ದುಡ್ಡು ಕೈಗೆ ಬಂದದ್ದೇ ತಡ, ನ್ಯಾಮತಿಯ ನಮ್ಮಣ್ಣನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದ. ಅತ್ತಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಗುಂಡಿ ಒತ್ತಿದರೆ ಫ್ಯಾನೇನೋ ಗಿರ್ರನೆ ತಿರುಗಿತು. ಪರದೆ ಮಾತ್ರ ಕಪ್ಪು.

ಸಲಹೆಗೇನು ಬರ? ಪಕ್ಕದ ಮನೆಯವರು ಯುಪಿಎಸ್ ಮೇಲೆ ಗುಮಾನಿಪಟ್ಟರು. ಅತ್ತಿಗೆಗೆ ದೃಷ್ಟಿಯ ಗುಮಾನಿ, ನಿಂಬೆಹಣ್ಣು ಬಂತು. "ನ್ಯಾಮತಿ ಹೊನ್ನಾಳಿ ಬಿಟ್ಟು ಬೇರೆ ತಾಲ್ಲೂಕಾದ್ರೂ ಕರೆಂಟು ಅದೇ ಅಲ್ವೇನೋ" ಎಂದ ಅಣ್ಣ.

ಹುಡುಗ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, 'ಟಕ್' ಅನ್ನುವವರೆಗೂ ಮತ್ತೆ ಒತ್ತಿದ. ಊಹೂಂ. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ವೈರೂ ಸರಿಯಾಗೇ ಕೂತಿತ್ತು. ಆಗ ಕಂಡದ್ದು ಮದರ್‌ಬೋರ್ಡಿನ ಮೂಲೆಯಲ್ಲಿ, 'ವಿಜಿಎ' ಅಕ್ಷರಗಳ ಪಕ್ಕ ಉರಿಯುತ್ತಾ, ತೊಂದರೆ ಗ್ರಾಫಿಕ್ಸಿನದೆಂದು ಹೇಳುತ್ತಿದ್ದ ಪುಟ್ಟ ದೀಪ. ಅದನ್ನಿಟ್ಟವನ ಹೊಟ್ಟೆ ತಣ್ಣಗಿರಲಿ, ನೆಂಟರಿಗೂ ಇಂಥದ್ದೊಂದು ಇದ್ದಿದ್ದರೆ ಎಷ್ಟು ಅನುಕೂಲವಿತ್ತು!

ಪ್ರೊಸೆಸರ್ ಇಂಟೆಲ್ 12400ಎಫ್. ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ವೈರು ಸಿಕ್ಕಿಸಿ ಕೂತರೆ ಏನೂ ಬಾರದು. ಬೇರೆ ಗ್ರಾಫಿಕ್ಸ್ ಕಾರ್ಡೇ ಬೇಕು.

"ಕಾರ್ಡೆಲ್ಲಪ್ಪಾ?" ಎಂದೆ.

"ಅದು ಮುಂದಿನ ಬೆಳೆಗೆ ಅಂತ ಬಿಟ್ಟಿದೀನಿ ಚಿಕ್ಕಪ್ಪ."

ಅಣ್ಣ ಕಣ್ಣು ಕೆಕ್ಕರಿಸಿದ: "ಹಂಗಾರೆ ಟ್ರ್ಯಾಕ್ಟರ್ ಈ ವರ್ಷ ತಂದು, ಎಂಜಿನ್ನು ಮುಂದಿನ ವರ್ಷ ತರ್ತೀಯೇನೋ?"