ಅಯ್ಯನವರು ಮನೆಯಲ್ಲಿಲ್ಲ

ಸಭಾಪಾಲಕರ ಬಂಗಲೆಯ ಗೇಟು ಅಲ್ಲಾಡಿಸಿದರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ನಾಲ್ಕು ವರ್ಷದ ಮಗ ಓಡಿಬರುತ್ತಾನೆ. ‘ಅಪ್ಪ ಇಲ್ಲ’ ಎಂಬುದೇ ಅವನು ತಪ್ಪಿಲ್ಲದೆ ಆಡಿದ ಮೊದಲ ಮಾತು ಎಂದು ಅಮ್ಮನವರು ಹೇಳುತ್ತಾರೆ. ನಗುತ್ತಾ ಹೇಳುವುದರಿಂದ ನಾವೂ ನಗುತ್ತೇವೆ.

ಹಳೇ ಮೈಸೂರು ಕಡೆಯ ತಾಲ್ಲೂಕು ಊರೊಂದರ ಸಿ.ಎಸ್.ಐ. ಸಭೆ ನಮ್ಮದು. ಅಯ್ಯನವರಿಗೆ ಮೂವತ್ತು ದಾಟಿ ಹೆಚ್ಚು ದಿನವಾಗಿಲ್ಲ. ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದಿ, ಸೆರಾಂಪುರದ ಬಿ.ಡಿ. ಪದವಿ ಪಡೆದು ಬಂದವರು. ಗ್ರೀಕ್ ಗೊತ್ತು, ಹೀಬ್ರೂ ಗೊತ್ತು. ರಾತ್ರಿ ಹತ್ತೂವರೆಗೆ ಫೋನ್ ಮಾಡಿದವರಿಗೆ ‘ನಾಳೆ ಬೆಳಿಗ್ಗೆ ಬರ್ತೀನಿ’ ಅನ್ನುವುದನ್ನು ಮಾತ್ರ ಇವರಿಗೆ ಯಾವ ಭಾಷೆಯಲ್ಲೂ ಯಾರೂ ಕಲಿಸಿಲ್ಲ. ‘ಈಗ್ಲೇ ಬಂದೆ’ ಅನ್ನುತ್ತಾರೆ. ಈ ಎರಡು ಪದಗಳನ್ನು ಅವರು ಹೆಂಡತಿಗೂ ಹೇಳುವುದುಂಟು. ನಮಗೆ ಹೇಳಿದಾಗ ಬರುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಹಳಬರು ವರ್ಗವಾಗಿ ಹೋದಾಗ ಹೊಸ ಅಯ್ಯನವರು ಹೇಗಿರಬೇಕೆಂದು ನಮ್ಮ ಕಮಿಟಿ ಬಹಳ ಯೋಚಿಸಿತ್ತು. ಅರವತ್ತರ ಅನುಭವ ಬೇಕು, ಇಪ್ಪತ್ತೈದರ ಕಾಲು ಬೇಕು. ಸಂಸಾರಸ್ಥರೇ ಆಗಬೇಕು, ಆದರೆ ಸಂಸಾರದ ಗೋಜಿರಬಾರದು. ಅಮ್ಮನವರಿಗೆ ಕೀಬೋರ್ಡ್ ನುಡಿಸಲು, ಭಾನುವಾರ ಶಾಲೆ ನಡೆಸಲು, ಸ್ತ್ರೀಯರ ಕೂಟದಲ್ಲಿ ಎರಡು ಗುಂಪುಗಳ ನಡುವೆ ಯಾರ ಕಡೆಗೂ ವಾಲದೆ ಕೂರಲು ಬಂದರೆ ಒಳ್ಳೆಯದು. ಸಂಬಳ ಒಬ್ಬರಿಗೇ. ಇದಕ್ಕೆಲ್ಲ ಆಧಾರವಾಗಿ ನಮ್ಮ ಕಾರ್ಯದರ್ಶಿ ತಿಮೊಥೆಯನಿಗೆ ಬರೆದ ಪತ್ರಿಕೆಯನ್ನು ಎತ್ತಿ ಹಿಡಿದರು. ಸ್ವಂತ ಮನೆ ನಿಭಾಯಿಸಲಾರದವನ ಕೈಗೆ ಸಭೆ ಕೊಡುವುದು ಹೇಗೆ ಎಂದು ಪೌಲ ಅಲ್ಲಿ ಅನುಮಾನಪಡುತ್ತಾನೆ. ಮನೆ ನಿಭಾಯಿಸಬೇಕಾದರೆ ಆಗಾಗ ಮನೆಯಲ್ಲಿರಬೇಕಾಗುತ್ತದೆ ಎಂಬುದು ಪೌಲನಿಗೆ ಹೊಳೆದಿರಲಿಕ್ಕಿಲ್ಲ. ಹೆಂಡತಿ ಮಕ್ಕಳ ತಾಪತ್ರಯ ಅವನಿಗಿರಲಿಲ್ಲ.

ಅಯ್ಯನವರ ಬೈಕಿನ ಟ್ಯಾಂಕಿನ ಮೇಲಿನ ಚೀಲದಲ್ಲಿ ಬಿಳಿ ನಿಲುವಂಗಿ, ಸಂಸ್ಕಾರದ ಪುಟ್ಟ ಬಟ್ಟಲುಗಳು, ಒಂದು ರೈನ್‌ಕೋಟು ಮತ್ತು ಮೂರು ದಿನದಿಂದ ಮನೆಗೆ ತಲುಪದ ಮಗನ ಕೆಮ್ಮಿನ ಔಷಧಿ ಇರುತ್ತವೆ. ಭಾನುವಾರ ಊರಿನಲ್ಲಿ ಎಂಟೂವರೆಗೆ ಆರಾಧನೆ, ಹನ್ನೊಂದಕ್ಕೆ ಒಂದು ಹಳ್ಳಿ, ಸಂಜೆ ಇನ್ನೊಂದು ಹಳ್ಳಿ. ಶುಕ್ರವಾರ ಉಪವಾಸ ಪ್ರಾರ್ಥನೆ. ಉಳಿದ ದಿನಗಳಲ್ಲಿ ಆಸ್ಪತ್ರೆ, ಸ್ಮಶಾನ, ನಿಶ್ಚಿತಾರ್ಥ, ಹೊಸ ಬೋರ್‌ವೆಲ್‌ಗೆ ಪ್ರಾರ್ಥನೆ, ಸೆಕೆಂಡ್ ಹ್ಯಾಂಡ್ ಕಾರಿಗೆ ಪ್ರಾರ್ಥನೆ. ಸೋಮವಾರ ರಜೆ. ಈ ವಿಷಯ ಇಡೀ ಸಭೆಗೆ ಗೊತ್ತಿರುವುದರಿಂದ ‘ಇವತ್ತು ಅಯ್ಯನೋರು ಬಿಡುವಾಗಿರ್ತಾರೆ’ ಅಂತ ಎಲ್ಲರೂ ಸೋಮವಾರವೇ ಬರುತ್ತಾರೆ.

ಮದುವೆಯ ವಿಷಯದಲ್ಲಿ ಸರ್ಕಾರ ಸ್ಪಷ್ಟವಾಗಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ಮಾಡಿಸಬೇಕಾದದ್ದು ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅಯ್ಯನವರು ಹಗಲೆಲ್ಲ ಬೇರೆಯವರ ದಾಂಪತ್ಯಕ್ಕೆ ಮೀಸಲು. ಏಳರ ನಂತರವಾದರೂ ತಮ್ಮ ದಾಂಪತ್ಯಕ್ಕೆ ಒದಗಬಹುದಲ್ಲ ಅಂದರೆ, ಏಳೂವರೆಗೆ ಮನೆ ಪ್ರಾರ್ಥನೆ ಇರುತ್ತದೆ. ಎರಡು ಹಾಡು, ಒಂದು ವಾಕ್ಯಭಾಗ, ಪ್ರಸಂಗ, ಆಮೇಲೆ ಊಟ. ಊಟ ಬೇಡ ಅಂದರೆ ಆ ಮನೆಯವರ ಮೇಲೆ ಏನೋ ಮುನಿಸಿದೆ ಅಂತ ಮಾರನೆಯ ದಿನ ಸುದ್ದಿ. ಹತ್ತು ಗಂಟೆಗೆ ಮನೆಗೆ ಬಂದು ಹೆಂಡತಿ ಕಾದು ಕುಳಿತಿದ್ದನ್ನು ನೋಡಿ ಇನ್ನೊಮ್ಮೆ ಊಟ. ಹೊಟ್ಟೆ ಬಂದಿರುವುದು ಸುಮ್ಮನೆ ಅಲ್ಲ, ಎರಡೂ ಕಡೆ ತೂಗಿಸಿಕೊಂಡು ಹೋಗಿದ್ದಕ್ಕೆ ಸಿಕ್ಕ ಸಾಕ್ಷಿ ಅದು.

ಇವರ ಹಿಂದಿನವರೇನೂ ಇದಕ್ಕಿಂತ ಸುಖವಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಬೋಧಕರು ಮದುವೆಯಾಗಬೇಕಾದರೆ ದೂರದ ಬಾಸೆಲ್ಲಿನ ಕಮಿಟಿ ಒಪ್ಪಬೇಕಿತ್ತು. ಮುಖವನ್ನೇ ನೋಡದ ವಧು ಹಡಗು ಹತ್ತಿ ಬರುವುದೂ ಇತ್ತು. ನಮ್ಮ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ನರ ಮೂಲಪುರುಷ ಜಾನ್ ವೆಸ್ಲಿ 1751ರಲ್ಲಿ ಮದುವೆಯಾಗಿ, ಮೊದಲಿನಂತೆಯೇ ಕುದುರೆ ಹತ್ತಿ ಊರೂರು ತಿರುಗಿದವನು; ಹೆಂಡತಿ ಕೊನೆಗೆ ಅವನನ್ನು ಬಿಟ್ಟು ನಡೆದಳು. ಕುದುರೆಯ ಜಾಗಕ್ಕೆ ಬೈಕು ಬಂದಿದೆ. ಆ ಹೆಂಗಸಿಗೆ ಗಂಡ ಯಾವ ಊರಿನಲ್ಲಿದ್ದಾನೆಂದು ತಿಳಿಯಲು ಕಾಗದ ಬರಬೇಕಿತ್ತು. ನಮ್ಮ ಅಮ್ಮನವರಿಗೆ ಸಭೆಯ ವಾಟ್ಸಾಪ್ ಗ್ರೂಪ್ ಸಾಕು. ಯಾರದೋ ಮನೆಯ ಸೋಫಾದಲ್ಲಿ ಶಾಲು ಹೊದ್ದು ಕುಳಿತ ಗಂಡನ ಫೋಟೋ ಅಲ್ಲಿ ಬಂದ ಕೂಡಲೇ ಒಲೆ ಸಣ್ಣ ಮಾಡುತ್ತಾರೆ.

ಮಗನಿಗೆ ಇಷ್ಟವಾದ ಆಟ ‘ಅಪ್ಪನಾಟ’. ಬಿಳಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಸೋಪಿನ ಡಬ್ಬಿಯನ್ನು ಕಿವಿಗಿಟ್ಟು ‘ಈಗ್ಲೇ ಬಂದೆ’ ಅನ್ನುತ್ತಾನೆ, ಬಾಗಿಲು ದಾಟಿ ಹೊರಗೆ ಹೋಗುತ್ತಾನೆ. ಆಟ ಅಷ್ಟೇ. ಒಳಗೆ ಬರುವ ಭಾಗ ಅದರಲ್ಲಿಲ್ಲ.

ತಪ್ಪೆಲ್ಲ ನಮ್ಮ ಸಭೆಯದೇ ಅಂತ ಮಾತ್ರ ನಾನು ಒಪ್ಪುವುದಿಲ್ಲ. ಹಳ್ಳಿಯ ಅಜ್ಜಿಯೊಬ್ಬರು ಅಯ್ಯನವರಿಗೆ ರಾಗಿ ರೊಟ್ಟಿ ಬಡಿಸುತ್ತಾ, ‘ನೀವು ಬಂದ್ರೆ ಸ್ವಾಮಿನೇ ಬಂದಂಗಾಯ್ತದೆ ಕಣ್ರಯ್ಯ’ ಅನ್ನುವಾಗ ಅವರ ಮುಖ ನೋಡಿದ್ದೇನೆ. ಸ್ವಂತ ಮನೆಯಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ‘ರೀ, ಸಿಲಿಂಡರ್ ಬುಕ್ ಮಾಡಿದ್ರಾ?’ ಅನ್ನುತ್ತಾರೆ. ಬೇರೆಯವರ ಮನೆಯ ಜಗಳವನ್ನು ಅರ್ಧ ಗಂಟೆ ಕೇಳಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೊರಟರೆ ಕೆಲಸ ಮುಗಿಯಿತು. ತನ್ನ ಮನೆಯ ಜಗಳಕ್ಕೆ ಎದ್ದು ಹೋಗುವ ಅನುಕೂಲವಿಲ್ಲ. ಇತ್ತೀಚೆಗೆ ಪಕ್ಕದ ಜಿಲ್ಲೆಯ ಸಭೆಯೊಂದು ‘ಸುಖೀ ಕುಟುಂಬ’ ಅಂತ ಮೂರು ದಿನದ ಶಿಬಿರಕ್ಕೆ ಇವರನ್ನೇ ಕರೆಯಿತು. ಹೆಂಡತಿ ಮಗನನ್ನು ಬಿಟ್ಟು ಹೋಗಿ, ಮೂರೂ ದಿನ ಬಹಳ ಚೆನ್ನಾಗಿ ಮಾತಾಡಿ ಬಂದರಂತೆ.

ಪ್ರಸಂಗಕ್ಕೆ ಉದಾಹರಣೆ ಬೇಕಾದಾಗ ಮಾತ್ರ ಮನೆ ನೆನಪಾಗುತ್ತದೆ. ‘ಮೊನ್ನೆ ನಮ್ಮ ಮನೆಯಲ್ಲಿ ಸಾರು ಸೀದುಹೋಯಿತು...’ ಅಂತ ತಾಳ್ಮೆಯ ಬಗ್ಗೆ ಶುರು ಮಾಡಿದರೆ, ಮೂರನೇ ಬೆಂಚಿನಲ್ಲಿ ಅಮ್ಮನವರ ಬೆನ್ನು ನೆಟ್ಟಗಾಗುತ್ತದೆ. ಆ ವಾರ ಸ್ತ್ರೀಯರ ಕೂಟದ ಮೂವರು ಬಂಗಲೆಗೆ ಹೋಗಿ ಅವರಿಗೆ ಸಾರು ಮಾಡುವುದನ್ನು ಕಲಿಸಿ ಬಂದರು. ಅವರು ಹೋಮ್ ಸೈನ್ಸ್ ಪದವೀಧರೆ.

ಬೆಳೆಹಬ್ಬದ ಏಲಂನಲ್ಲಿ ಇನ್ನೊಂದು ನಡೆಯಿತು. ಒಂದು ತೆಂಗಿನಕಾಯಿ ಸಾವಿರಕ್ಕೆ ಹೋಗಿ, ಅದನ್ನು ಹಿಡಿದವರು ಅಲ್ಲೇ ಸಭೆಗೆ ವಾಪಸು ಕೊಟ್ಟು, ಮತ್ತೆ ಏಳುನೂರಕ್ಕೆ ಹೋಗುವ ಏಲಂ ಅದು. ಅಮ್ಮನವರು ಮಾಡಿಕೊಟ್ಟ ಕೇಕು ಮೇಜಿನ ಮೇಲೆ ಬಂದ ಕೂಡಲೇ ಮಗ ‘ಅದು ನಂದು’ ಅಂತ ಅಳು ತೆಗೆದ. ಅವನ ಹುಟ್ಟುಹಬ್ಬದ ಕೇಕಂತೆ ಅದು. ಹಬ್ಬದ ಗಲಾಟೆಯಲ್ಲಿ ಕತ್ತರಿಸಲು ಅಪ್ಪ ಸಿಕ್ಕಿರಲಿಲ್ಲ. ಅಯ್ಯನವರು ಕೈ ಎತ್ತಿದರು. ಅಯ್ಯನವರೇ ಕೂಗುತ್ತಿದ್ದಾರೆಂದು ಉತ್ಸಾಹ ಬಂದು ನಮ್ಮ ಖಜಾಂಚಿ ಬೆಲೆ ಏರಿಸುತ್ತಲೇ ಹೋದರು. ಒಂಬೈನೂರಕ್ಕೆ ತಮ್ಮ ಮನೆಯ ಕೇಕನ್ನು ತಾವೇ ಬಿಡಿಸಿಕೊಂಡರು.

ಆ ಸುದ್ದಿ ಉಡುಪಿಗೆ ಮುಟ್ಟಿ ಮಾವನವರು ಬಂದರು. ಬಂದ ಭಾನುವಾರವೇ ಅಯ್ಯನವರ ಪ್ರಸಂಗ ವಿಮೋಚನಕಾಂಡದ ಹದಿನೆಂಟನೇ ಅಧ್ಯಾಯದ ಮೇಲೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ವ್ಯಾಜ್ಯ ಕೇಳುತ್ತಾ ಕುಳಿತದ್ದು, ಮಾವ ಇತ್ರೋ ಬಂದು, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಸಾವಿರಕ್ಕೆ, ನೂರಕ್ಕೆ, ಹತ್ತಕ್ಕೆ ಒಬ್ಬೊಬ್ಬನನ್ನು ನೇಮಿಸಿ ಕೆಲಸ ಹಂಚು ಎಂದದ್ದು. ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಮಾವನವರು ಹೇಳಿದರು:

‘ಪ್ರಸಂಗ ಲಾಯ್ಕಾಯ್ತು ಮಾರಾಯ್ರೆ. ಆದ್ರೆ ಇತ್ರೋ ಒಬ್ಬನೇ ಬಂದದ್ದಲ್ಲ ಅಲ್ವಾ? ಮೋಶೆ ಬಿಟ್ಟುಬಂದಿದ್ದ ಹೆಂಡತಿ ಮಕ್ಕಳನ್ನು ಕರ್ಕೊಂಡು ಬಂದದ್ದು. ಅಷ್ಟು ನೀವು ಎಂತಕ್ಕೆ ಹಾರಿಸಿದ್ದು?’

ನಾವು ಹತ್ತು ಜನ ಕೇಳಿಸಿಕೊಂಡೆವು. ಕಮಿಟಿಗೂ ಮನಸ್ಸು ಕರಗಿತು. ‘ಅಯ್ಯನವರ ವಿಶ್ರಾಂತಿ ಉಪಸಮಿತಿ’ ಅಂತ ಏಳು ಜನರದೊಂದನ್ನು ರಚಿಸಿದೆವು. ಏಳು ಜನರಿಗೂ ಬಿಡುವಿರುವ ದಿನ ಹುಡುಕಿದಾಗ ಸೋಮವಾರ ಸಂಜೆ ಸಿಕ್ಕಿತು. ಸಭಾಂಗಣದ ಫ್ಯಾನು ಕೆಟ್ಟಿದ್ದರಿಂದ ಬಂಗಲೆಯಲ್ಲೇ ಸೇರುವುದೆಂದಾಯಿತು. ಯಾವ ಸಮಿತಿಯಾದರೂ ಸಭಾಪಾಲಕರೇ ಅಧ್ಯಕ್ಷರಾದ್ದರಿಂದ ಅಯ್ಯನವರೇ ಪ್ರಾರ್ಥನೆ ಮಾಡಿ ಆರಂಭಿಸಿದರು. ಅಮ್ಮನವರು ಎರಡು ಸಲ ಟೀ ಕೊಟ್ಟರು. ಅಯ್ಯನವರು ವಾರಕ್ಕೊಂದು ಸಂಜೆ ಕಡ್ಡಾಯವಾಗಿ ಕುಟುಂಬದೊಂದಿಗೆ ಕಳೆಯತಕ್ಕದ್ದು, ಕಳೆದ ಬಗ್ಗೆ ಪ್ರತಿ ಸೋಮವಾರ ಈ ಉಪಸಮಿತಿಗೆ ವರದಿ ಒಪ್ಪಿಸತಕ್ಕದ್ದು ಎಂಬ ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು. ಅವರ ವಿಶ್ರಾಂತಿಗಾಗಿ ವಿಶೇಷ ಉಪವಾಸ ಪ್ರಾರ್ಥನೆ ಇಡಬೇಕೆಂದು ಕಾರ್ಯದರ್ಶಿ ಸೂಚಿಸಿದರು. ನಡೆಸಿಕೊಡಲು ಅಯ್ಯನವರು ಒಪ್ಪಿದರು.

ಮುಕ್ತಾಯದ ಪ್ರಾರ್ಥನೆ ಅರ್ಧಕ್ಕೆ ಬಂದಿತ್ತು, ಖಜಾಂಚಿಯ ಫೋನು ಬಡಿದುಕೊಂಡಿತು. ಆಮೆನ್ ಆಗುತ್ತಲೇ ಅವರು ಹತ್ತಿರ ಬಂದು, ‘ಅಯ್ಯನೋರೇ, ನಮ್ಮವ್ವಂಗೆ ಯಾಕೋ ತಲೆ ಸುತ್ತುತಂತೆ. ನಿಮ್ಮನ್ನೇ ಕೇಳ್ತಾವ್ಳಂತೆ. ಐದೇ ನಿಮಿಷ’ ಅಂದರು.

‘ಈಗ್ಲೇ ಬಂದೆ.’

ಅಮ್ಮನವರು ಆಗಲೇ ಹೆಲ್ಮೆಟ್ ಹಿಡಿದು ಬಾಗಿಲಲ್ಲಿದ್ದರು. ಬೈಕು ಸ್ಟಾರ್ಟ್ ಆದ ಮೇಲೆ ಮಾವನವರು ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನ ಸೀಟು ಹತ್ತಿದರು. ‘ಊರಿಂದ ಬಂದು ಮೂರು ದಿನ ಆಯ್ತು, ನಿಮ್ಮ ಹತ್ರ ಒಂದು ಮಾತಾಡ್ಲಿಕ್ಕೆ ಆಗ್ಲಿಲ್ಲ. ನಡೀರಿ, ದಾರಿಯಲ್ಲಾದ್ರೂ ಮಾತಾಡುವ.’