ಯಾರಿಗೂ ತೊಂದರೆಯಾಗದ ನೆರೆ ವರದಿ ಬರೆಯುವ ಕ್ರಮ

ಬೆಂಗಳೂರಿನ ನೆರೆ ಅಧ್ಯಯನದ ಗುತ್ತಿಗೆ ನಿಮಗೆ ಸಿಕ್ಕಿದೆಯೇ? ಅಭಿನಂದನೆ. ಗಾಬರಿ ಬೇಡ, ನೆನಪಿಡಬೇಕಾದ ಸೂತ್ರ ಒಂದೇ: ನೀರು ನಿಲ್ಲುವ ನಕ್ಷೆಯೂ ಜಮೀನಿನ ಸರ್ವೆ ನಂಬರೂ ಒಂದೇ ಹಾಳೆಯ ಮೇಲೆ ಬರಬಾರದು. ಮಿಕ್ಕಿದ್ದೆಲ್ಲ ಕೈಚಳಕ.

ಮೊದಲು ನೆಲದ ಏರುತಗ್ಗಿನ ಲೆಕ್ಕ ಹಿಡಿಯಿರಿ. ಯಾರಾದರೂ ಡ್ರೋನ್ ಸರ್ವೆ, ಲೈಡಾರ್ ಎಂದರೆ ಬಜೆಟ್ ಇಲ್ಲವೆನ್ನಿ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆ ಅಳೆದ ಎತ್ತರದ ದತ್ತಾಂಶ ಪುಕ್ಕಟೆ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಅದರ ಒಂದೊಂದು ಚೌಕದ ಬದಿ 30 ಮೀಟರ್. ಐದಾರು ಮೀಟರ್ ಅಗಲದ ರಾಜಕಾಲುವೆ ಅದರೊಳಗೆ ಹೇಳಹೆಸರಿಲ್ಲದೆ ಅಡಗುತ್ತದೆ. ಕಾಲುವೆಯೇ ಕಾಣದ ಮೇಲೆ ಒತ್ತುವರಿ ಎಲ್ಲಿಂದ ಬಂತು? ಭೂಬಳಕೆಯ ಕೋಷ್ಟಕವನ್ನೂ ಅದೇ ಕಾಲದ್ದು ಹಾಕಿ. ನಿಮ್ಮ ಮಾದರಿಯಲ್ಲಿ ಮಳೆನೀರು ಇಂದಿಗೂ ರಾಗಿ ಹೊಲದಲ್ಲಿ ಇಂಗಲಿ.

ಮಳೆಯ ಬಿರುಸಿನ ಗೋಜಿಗೆ ಹೋಗಬೇಡಿ. ದಿನದ ಮೊತ್ತವನ್ನು 24ರಿಂದ ಭಾಗಿಸಿ. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ 131 ಮಿ.ಮೀ. ಮಳೆ, ಅಂದರೆ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಟ್ರ್ಯಾಕ್ಟರ್ ಹತ್ತಿಸಿ ಕಚೇರಿಗೆ ಕಳಿಸಿದ ಆ ಮಳೆ, ಹೀಗೆ ಭಾಗಿಸಿದರೆ ಗಂಟೆಗೆ ಐದೂವರೆ ಮಿ.ಮೀ. ಆಗುತ್ತದೆ. ಅದಕ್ಕೆ ಒಂದು ಕೊಡೆ ಸಾಕು.

‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂದು ಪುಟಕ್ಕೊಂದು ಸಲ ಬರೆಯಿರಿ. ಈ ವರ್ಷ ಬಂದುಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಓದಿದವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಅಂಥ ಮಳೆ ಬರುವ ಸಾಧ್ಯತೆ ಪ್ರತಿ ವರ್ಷವೂ ಶೇ 1 ಇರುತ್ತದೆ, 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅದು ಶೇ 26ಕ್ಕೆ ಏರುತ್ತದೆ ಎಂದು ಮಾತ್ರ ಬಾಯಿಬಿಡಬೇಡಿ.

ಈಗ ಕಂದಾಯದ ಕಡತ. ಇಲ್ಲಿ ಮೈಯೆಲ್ಲ ಕಣ್ಣಾಗಿರಿ. ಹಳೆಯ ಗ್ರಾಮ ನಕಾಶೆಯಲ್ಲಿ ಕೆರೆ, ಕೋಡಿ, ಹಳ್ಳ ಎಲ್ಲವೂ ನಿಚ್ಚಳವಾಗಿ ಕಾಣುತ್ತವೆ. ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಮೀನು, ಎಂದು ಬರೆದೂ ಇರುತ್ತದೆ. ಸಾಲದ್ದಕ್ಕೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಮ್ಮ ಕಾಲಡಿಯ ಸರ್ವೆ ನಂಬರನ್ನು ತೋರಿಸಿಬಿಡುತ್ತದೆ. ಆದ್ದರಿಂದ ಸ್ಥಳ ಪರಿಶೀಲನೆಗೆ ಹೋದಾಗ ಮೊಬೈಲನ್ನು ಕಾರಿನಲ್ಲೇ ಬಿಡಿ. ಜೊತೆಗೆ ಬಂದ ಸರ್ವೆಯರ್ ಟೇಪು ಬಿಚ್ಚಿದರೆ ತಕ್ಷಣ ಕಾಫಿಗೆ ಕರೆಯಿರಿ. ನೀರಗಂಟಿ ಮನೆತನದ ಅಜ್ಜ ಯಾರಾದರೂ ಎದುರಾಗಿ, “ಸ್ವಾಮಿ, ಆ ಅಪಾರ್ಟ್‌ಮೆಂಟ್ ಗೇಟ್ ಐತಲ್ಲ, ತೂಬು ಇದ್ದಿದ್ದು ಅಲ್ಲೇಯ” ಎಂದರೆ ತಲೆಯಾಡಿಸಿ, ಬರೆದುಕೊಳ್ಳಬೇಡಿ. ಅವರ ಜೊತೆ ನಿಂತು ಒಂದು ಫೋಟೋ ತೆಗೆಸಿಕೊಂಡು ‘ಸ್ಥಳೀಯರೊಂದಿಗೆ ಸಮಾಲೋಚನೆ’ ಎಂದು ವರದಿಯಲ್ಲಿ ಹಾಕಿ.

ಸಭೆಯಲ್ಲಿ ಯಾರಾದರೂ ಬಫರ್ ವಲಯದ ಮಾತೆತ್ತಿದರೆ ಚರಿತ್ರೆ ಶುರುಮಾಡಿ. ಕೆರೆಯ ಸುತ್ತ 30 ಮೀಟರ್ ಎಂದಿತ್ತು, 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಇಷ್ಟು ಹೇಳುವಷ್ಟರಲ್ಲಿ ಬೋಂಡ ಬರುತ್ತದೆ.

ಶಿಫಾರಸು ಬರೆಯುವ ಮೊದಲು ಹಿಂದಿನವರ ಗತಿ ನೋಡಿಕೊಳ್ಳಿ. ಎಂಬತ್ತರ ದಶಕದಲ್ಲಿ ಕೆರೆಗಳನ್ನು ಉಳಿಸಲು ಲಕ್ಷ್ಮಣರಾವ್ ಸಮಿತಿ ಆಯಿತು. ಸರ್ಕಾರಿ ಜಮೀನಿನ ಒತ್ತುವರಿ ಹುಡುಕಲು ಎ.ಟಿ. ರಾಮಸ್ವಾಮಿ ಸಮಿತಿ ಬಂತು, ಕೆರೆ ಒತ್ತುವರಿಗೆಂದೇ ಕೋಳಿವಾಡ ಸಮಿತಿ ಬಂತು. ಎಷ್ಟು ಎಕರೆ ಹೋಯಿತು, ಯಾರ ಪಾಲಾಯಿತು ಎಂದು ಲೆಕ್ಕಹಾಕಲು ಹೊರಟದ್ದೇ ಅವರು ಮಾಡಿದ ತಪ್ಪು. ನೀವು ಕಾಲುವೆಗೆ ತಡೆಗೋಡೆ, ನಾಲ್ಕು ಕಡೆ ಸೆನ್ಸರ್, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಕೇಳಿ. ಗೋಡೆಗೆ ಟೆಂಡರ್ ಕರೆಯಬಹುದು, ತೆರವಿಗೆ ಕರೆದರೆ ಯಾರು ಬರುತ್ತಾರೆ? ಕೊನೆಯಲ್ಲಿ ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಸಾಲನ್ನು ಮರೆಯದೆ ಸೇರಿಸಿ, ಮುಂದಿನ ಗುತ್ತಿಗೆ ಹುಟ್ಟುವುದು ಅಲ್ಲೇ.

ವರದಿಯನ್ನು ಏಪ್ರಿಲ್‌ನಲ್ಲಿ ಸಲ್ಲಿಸಿ. ಕೊನೆಯ ಕಂತಿನ ಬಿಲ್ಲನ್ನು ಮುಂಗಾರಿಗೆ ಮುಂಚೆಯೇ ಪಾಸು ಮಾಡಿಸಿಕೊಳ್ಳಿ.