ಚದರಡಿ ಸಾಹೇಬರು

ವಿಲ್ಸನ್ ಗಾರ್ಡನ್ನಿನ ಯಾವ ಕ್ರಾಸಿನಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತರೂ ಆಫೀಸು ಕ್ಯಾಬಿಗೆ ಕಾಯುವ ಒಬ್ಬ ಚದರಡಿ ಸಾಹೇಬರು ಸಿಗುತ್ತಾರೆ. ಹುದ್ದೆಯ ಹೆಸರು ಏನೇ ಇರಲಿ, ಕಸುಬು ಒಂದೇ: ಆಫೀಸಿನ ಜಾಗವನ್ನು ಚದರಡಿಯಲ್ಲಿ ಅಳೆದು, ಖಾಲಿ ಕುರ್ಚಿ ಕಂಡು ಸಂಕಟಪಡುವುದು. 30×40 ಸೈಟಿನಲ್ಲಿ ಕೆಳಗೆ ಅಂಗಡಿ, ಮೇಲೆ ಮೂರು ಬಾಡಿಗೆ ಮನೆ, ತಾರಸಿಯಲ್ಲೊಂದು ಸಿಂಗಲ್ ರೂಮು ಎಬ್ಬಿಸಿದ ಬಡಾವಣೆಯಲ್ಲಿ ಬಾಳಿದವರಿಗೆ ಒಂದಡಿ ಜಾಗ ಸುಮ್ಮನೆ ಬಿದ್ದಿದ್ದರೂ ಪಾಪವೆನಿಸುವುದು ಸಹಜವೇ. ಅವರ ಗುರುಪೀಠ ದರ್ಶಿನಿ. 1980ರ ದಶಕದಲ್ಲಿ ಜಯನಗರದ ಕಡೆ ಹುಟ್ಟಿದ ಈ ಹೋಟೆಲು ಕುರ್ಚಿಯನ್ನೇ ಕಿತ್ತುಹಾಕಿ, ಎದೆಮಟ್ಟದ ಮೇಜೊಂದರ ಸುತ್ತ ನಾಲ್ಕು ಜನರನ್ನು ನಿಲ್ಲಿಸಿ, ಅಂಗೈಯಗಲದ ಜಾಗದಲ್ಲಿ ಊರಿಗೆಲ್ಲ ಇಡ್ಲಿ ತಿನ್ನಿಸಿತು. ಇಡ್ಲಿಗೆ ಬೇಡವಾದ ಕುರ್ಚಿ ಲೆಕ್ಕಪತ್ರಕ್ಕೆ ಏಕೆ ಬೇಕು ಎಂಬುದು ಸಾಹೇಬರ ಪ್ರಶ್ನೆ. ಇಡ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಲೆಕ್ಕಪತ್ರ ಮುಗಿಯುವುದಿಲ್ಲ ಎಂಬುದು ಅವರ ಎಕ್ಸೆಲ್ ಹಾಳೆಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಅವರ ಯೋಜನೆ ಸರಳ. ವಾರಕ್ಕೆ ಮೂರು ದಿನ ಬರುವ ನೂರು ಜನರಿಗೆ ನೂರು ಮೇಜು ಏಕೆ, ಎಪ್ಪತ್ತು ಸಾಕು. ಮೇಜಿಗೆ ಹೆಸರಿಲ್ಲ, ಮೊದಲು ಬಂದವರದ್ದು. ಕಾಗದದ ಮೇಲೆ ಎಪ್ಪತ್ತರಲ್ಲೂ ಮಿಗುತ್ತವೆ. ಆದರೆ ಆ ಮೂರು ದಿನ ಯಾವುವು ಎಂದು ಎಲ್ಲರೂ ಒಂದೇ ಪಂಚಾಂಗ ನೋಡಿ ಗೊತ್ತುಮಾಡಿಕೊಳ್ಳುತ್ತಾರೆ. ಹಾಗಾಗಿ ಬುಧವಾರ ಜಾತ್ರೆ, ಶುಕ್ರವಾರ ಹಾಳು ಸುರಿಯುತ್ತದೆ. ಜಾತ್ರೆಯ ದಿನ ಕನ್ನಡಿಗನ ಹಳೆಯ ವಿದ್ಯೆ ಜಾಗೃತವಾಗುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ವಂಶ ನಮ್ಮದು. ಇಲ್ಲಿ ಟವೆಲ್ಲಿನ ಬದಲು ನೀರಿನ ಬಾಟಲಿ, ಚಾರ್ಜರು, ಮಳೆಗಾಲವಾದರೆ ಜರ್ಕಿನ್ನು. ಜಾಗ ಸಿಗದವರು ಮದುವೆಮನೆಯ ಎರಡನೇ ಪಂಕ್ತಿಯವರಂತೆ ಕೂತವರ ಬೆನ್ನ ಹಿಂದೆ ನಿಂತು, ಪಾಯಸ ಬಂತೇ ಎಂದು ನೋಡುತ್ತಾರೆ. ಮೇಜು ಹುಡುಕಿ, ಕುರ್ಚಿಯ ಎತ್ತರ ಸರಿಮಾಡಿ, ಸತ್ತ ಪ್ಲಗ್ ಪಾಯಿಂಟು ಬಿಟ್ಟು ಬದುಕಿರುವುದನ್ನು ಪತ್ತೆಹಚ್ಚಲು ಒಬ್ಬೊಬ್ಬರಿಗೆ 15 ನಿಮಿಷ ಹಿಡಿಯಿತು ಎನ್ನಿ. ನೂರೂ ಜನ ಬಂದ ಜಾತ್ರೆಯ ದಿನ ಒಟ್ಟು 25 ಗಂಟೆ, ಅಂದರೆ ಮೂವರ ಇಡೀ ದಿನದ ದುಡಿಮೆ. ಬಾಡಿಗೆಯ ಲೆಕ್ಕದಲ್ಲಿ ಉಳಿದದ್ದು ಸಂಬಳದ ಲೆಕ್ಕದಲ್ಲಿ ಸೋರುತ್ತದೆ. ಆ ಎರಡನೆಯ ಲೆಕ್ಕ ಬೇರೆ ವಿಭಾಗದ್ದು, ಸಾಹೇಬರ ತಲೆನೋವಲ್ಲ.

ಹಂಚಿಕೊಂಡು ಬಾಳುವುದು ನಮಗೇನು ಹೊಸದೇ ಎಂದು ಅವರು ಕೇಳಬಹುದು. ಕೇಳಲೇಬೇಕಾದ ಮಾತು. ಒಂದೇ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಹಲ್ಲಿನ ಡಾಕ್ಟರು, ಸಂಜೆ ಮಕ್ಕಳ ಡಾಕ್ಟರು ಕೂರುತ್ತಾರೆ. ಒಂದೇ ಆಟೋವನ್ನು ಇಬ್ಬರು ಹಗಲು ರಾತ್ರಿ ಓಡಿಸುತ್ತಾರೆ. ಕಾಲ್ ಸೆಂಟರಿನ ಕುರ್ಚಿ ಶಿಫ್ಟಿನಿಂದ ಶಿಫ್ಟಿಗೆ ಆರುವುದೇ ಇಲ್ಲ. ಆದರೆ ಅಲ್ಲೆಲ್ಲ ಹೊತ್ತು ಗೊತ್ತು ಇದೆ. ಸಂಜೆ ಐದರ ನಂತರ ಕುರ್ಚಿ ಯಾರದ್ದೆಂದು ಕಾಂಪೌಂಡರಿಗೂ ಗೊತ್ತು, ಇಬ್ಬರ ಹೆಸರೂ ಬೋರ್ಡಿನ ಮೇಲಿದೆ. ಇಬ್ಬರದ್ದಾದ ವಸ್ತುವಿಗೆ ಇಬ್ಬರು ಯಜಮಾನರು; ಸಾಹೇಬರ ಮೇಜಿಗೆ ಒಬ್ಬರೂ ಇಲ್ಲ, ಅದಕ್ಕೇ ಅದರ ಮೇಲೆ ನಿನ್ನೆಯ ಕಾಫಿ ಕಪ್ಪಿನ ಗುರುತು ಹಾಗೇ ಇರುತ್ತದೆ. ಮೊಬೈಲಿನಲ್ಲಿ ಮುಂಗಡ ಕಾಯ್ದಿರಿಸಿದರಾಯಿತಲ್ಲ ಎಂಬ ಮಾತಿಗೂ ಪಕ್ಕದ ಶಾಂತಿನಗರದಲ್ಲೇ ಉತ್ತರವಿದೆ. ಅಲ್ಲಿ ಕೇಂದ್ರ ಕಚೇರಿಯಿರುವ ಕೆಎಸ್‌ಆರ್‌ಟಿಸಿ ಸೀಟಿಗೆ ನಂಬರು ಕೊಟ್ಟದ್ದು ಒಂದು ಪ್ರಯಾಣಕ್ಕೆ. ದಿನವೂ ಅದೇ ಊರಿಗೆ ಹೋಗುವವನಿಗೆ ದಿನವೂ ಹೊಸ ಟಿಕೆಟ್ಟೆಂದರೆ ಅವನು ಪಾಸು ಕೇಳುತ್ತಾನೆ. ಆಫೀಸಿನಲ್ಲಿ ಆ ಪಾಸಿಗೆ ಹಿಂದೆ ‘ನನ್ನ ಮೇಜು’ ಎನ್ನುತ್ತಿದ್ದರು.

ಹೆಸರಿಲ್ಲದ ಮೇಜು ಮೊದಲೇ ಮಾಡಿ ಸೋತ ಪ್ರಯೋಗ. ಲಾಸ್ ಏಂಜಲೀಸಿನ ಜಾಹೀರಾತು ಕಂಪನಿ ಚಿಯಾಟ್ ಡೇ, 1994ರ ಸುಮಾರಿಗೆ ಎಲ್ಲರ ಮೇಜು ಕಿತ್ತು, ಬೆಳಿಗ್ಗೆ ಕೌಂಟರಿನಲ್ಲಿ ಲ್ಯಾಪ್‌ಟಾಪು, ಫೋನು ಪಡೆದು ಸಂಜೆ ಹಿಂತಿರುಗಿಸಿ ಎಂದಿತು. ಜನ ಕಾರಿನ ಡಿಕ್ಕಿಯನ್ನು ಕಡತದ ಕಪಾಟು ಮಾಡಿಕೊಂಡರು. ಒಬ್ಬಾಕೆ ಮಕ್ಕಳಾಟದ ಕೆಂಪು ಗಾಡಿಯಲ್ಲಿ ಕಾಗದಪತ್ರ ಎಳೆದಾಡಿದಳು. ಕೆಲವೇ ವರ್ಷಗಳಲ್ಲಿ ಮೇಜುಗಳು ವಾಪಸು ಬಂದವು. ಖಾಲಿ ಕುರ್ಚಿ ಎಣಿಸಲು ಹೋದವರ ಪಾಡೂ ಅಷ್ಟೇ: 2016ರಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಯಾವ ಮೇಜಿನಲ್ಲಿ ಜನ ಕೂತಿದ್ದಾರೆಂದು ತಿಳಿಯಲು ಮೇಜಿನಡಿ ಶಾಖ ಗುರುತಿಸುವ ಡಬ್ಬಿ ಇಟ್ಟು, ಸಿಬ್ಬಂದಿ ಸಿಡಿದದ್ದಕ್ಕೆ ಅದೇ ದಿನ ತೆಗೆಯಿತು. ಆ ಡಬ್ಬಿಗೆ ತಿಳಿಯುವುದು ಪೃಷ್ಠದ ಬಿಸಿ ಮಾತ್ರ. ಸುದ್ದಿಗಾಗಿ ಊರು ಸುತ್ತಲು ಹೋದ ವರದಿಗಾರನೂ ಅದಕ್ಕೆ ಗೈರುಹಾಜರಿಯೇ. ಗೋಡೆ, ಗೂಡು ಇಲ್ಲದಿದ್ದರೆ ಜನ ಬೆರೆಯುತ್ತಾರೆ ಎಂಬುದು ಸಾಹೇಬರ ಕೊನೆಯ ಬಾಣ. ಹಾರ್ವರ್ಡಿನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ತೆಗೆದ ಎರಡು ಕಂಪನಿಗಳಲ್ಲಿ ಎದುರುಬದುರು ಮಾತು ಸುಮಾರು ಶೇ. 70ರಷ್ಟು ಇಳಿದು, ಇಮೇಲು ಏರಿತ್ತು. ಅದು ಗೋಡೆಯ ಅಧ್ಯಯನ, ಹೆಸರಿಲ್ಲದ ಮೇಜಿನದ್ದಲ್ಲ, ನಿಜ. ಆದರೂ ಪಕ್ಕದವರು ದಿನವೂ ಬದಲಾಗುವಲ್ಲಿ ಮಾತು ‘ಇಲ್ಲಿ ಯಾರಾದರೂ ಇದ್ದಾರಾ?’ ದಾಟಿ ಮುಂದಕ್ಕೆ ಹೋಗುವುದು ಕಷ್ಟ.

ಇಷ್ಟಕ್ಕೂ ಸಾಹೇಬರಿಗೆ ಕ್ಯಾಬಿನ್ ಇಲ್ಲ; ಸಮಾನತೆಯೆಂದು ಮೊದಲ ದಿನವೇ ಬಿಟ್ಟುಕೊಟ್ಟಿದ್ದಾರೆ. ಮೂಲೆಯಲ್ಲಿರುವ, ಕಿಟಕಿಯಿರುವ ನಾಲ್ಕನೇ ನಂಬರಿನ ಮೀಟಿಂಗ್ ರೂಮು ಮಾತ್ರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ವರ್ಷವಿಡೀ, ಒಬ್ಬರೇ ವ್ಯಕ್ತಿಯ ಹೆಸರಿನಲ್ಲಿ ಬುಕ್ಕಾಗಿರುತ್ತದೆ.